ಹಗಲಿಗೆ ಮೆದು ಪರಿಮಳವೇ ಸಾಕು

ನಮ್ಮವರು ಅತ್ತರ್ ಕೊಳ್ಳುವಾಗ ಕೇಳುವ ಪ್ರಶ್ನೆ ಒಂದೇ: "ಎಷ್ಟು ಹೊತ್ತು ನಿಲ್ತದೆ?" ಉಪ್ಪನ ಅಂಗಡಿಯಲ್ಲಿ ಕೂತು ನಾನು ಈ ಪ್ರಶ್ನೆಯನ್ನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಮುಂಗೈ ಮೇಲೆ ಒಂದು ಗೆರೆ ಎಳೆಸಿಕೊಳ್ಳುತ್ತಾರೆ, ಮೂಸುತ್ತಾರೆ, ಜೊತೆಗೆ ಬಂದವನ ಮೂಗಿಗೂ ಹಿಡಿಯುತ್ತಾರೆ, ಕೊನೆಗೆ ಇದೇ ಪ್ರಶ್ನೆ. ಮೂರು ದಿನ ನಿಲ್ಲುತ್ತದೆ, ಬಟ್ಟೆ ಒಗೆದರೂ ಹೋಗುವುದಿಲ್ಲ ಎಂದು ಹೇಳಿದರೆ ವ್ಯಾಪಾರ ಆಯಿತು. "ಪಕ್ಕದಲ್ಲಿ ಕೂತವರಿಗೆ ಇದು ಹೇಗಾಗ್ತದೆ?" ಎಂದು ಕೇಳಿದ ಗಿರಾಕಿ ಒಬ್ಬರೂ ನನಗೆ ನೆನಪಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಗಲು ಹೊತ್ತಿಗೆ, ಅಂದರೆ ಕೆಲಸಕ್ಕೆ, ಬಸ್ಸಿಗೆ, ಪಳ್ಳಿಗೆ, ಆಸ್ಪತ್ರೆಗೆ ಹೋಗುವ ಹೊತ್ತಿಗೆ, ಪೌಡರಿನಂಥ ಮೆದು ಪರಿಮಳವೇ ಸರಿ. ಮದುವೆ ಮನೆಗೆ, ಪೆರ್ನಾಲಿಗೆ, ರಾತ್ರಿಯ ಊಟದ ಕೂಟಕ್ಕೆ ಊದ್ ಇರಲಿ, ಅದರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆದರೆ ಮೆದು ಪರಿಮಳಕ್ಕೂ ಅದರದೇ ಆದ ಕುಂದುಗಳಿವೆ. ಅಂಗಡಿಯವನ ಮಗ ಎಂಬ ಕಾರಣಕ್ಕೆ ಅವನ್ನು ಮುಚ್ಚಿಟ್ಟು ಬರೀ ಹೊಗಳುವುದು ನನ್ನಿಂದಾಗದು. ಎರಡನ್ನೂ ಹೇಳುತ್ತೇನೆ.

ಪೌಡರಿನಂಥ ಪರಿಮಳ ಎಂದರೆ ಯಾವುದು? ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಉದಾಹರಣೆ ಮಸ್ಕ್ ತಹಾರ. ಬೆಳ್ಳಗೆ, ದಪ್ಪಗೆ, ಹಾಲಿನ ಕೆನೆಯ ಹಾಗೆ ಕಾಣುವ ಅತ್ತರ್ ಅದು. ತಹಾರ ಎಂದರೆ ಶುದ್ಧಿ. ಶುದ್ಧಿ ಸ್ನಾನದ ನಂತರ ಮಹಿಳೆಯರು ಕಸ್ತೂರಿ ಬಳಸುವ ಅರಬರ ರೂಢಿಯಿಂದ ಬಂದ ಹೆಸರು. ಉಮ್ಮಂದಿರ ಕಪಾಟಿನ ಕುಟಿಕುರಾ ಡಬ್ಬ, ಗಲ್ಫಿನಿಂದ ಬಂದವರ ಪೆಟ್ಟಿಗೆಯಿಂದ ಹೊರಬರುತ್ತಿದ್ದ ಯಾರ್ಡ್ಲಿ ಪೌಡರ್, ಈಗಷ್ಟೇ ಮೀಯಿಸಿದ ಮಗುವಿನ ನೆತ್ತಿ, ಇಸ್ತ್ರಿ ಹಾಕಿದ ಬಿಳಿ ಬಟ್ಟೆ, ಇವೆಲ್ಲ ಒಂದೇ ಕುಟುಂಬಕ್ಕೆ ಸೇರಿದ ವಾಸನೆಗಳು. ಸ್ವಲ್ಪ ಸಿಹಿ, ಸ್ವಲ್ಪ ಒಣ, ಮೂಗಿಗೆ ಚುಚ್ಚುವುದಿಲ್ಲ.

ಇದು ಎಲ್ಲಿಂದ ಬಂತು ಎಂಬುದೂ ಸ್ವಾರಸ್ಯವಾಗಿದೆ. ನಾನು ಕೆಲಸದ ನಿಮಿತ್ತ ಇರುವುದು ಮಹಾರಾಷ್ಟ್ರದ ಕಸಬೆ ಡಿಗ್ರಜದಲ್ಲಿ. ಸಾಂಗ್ಲಿಗೆ ಹತ್ತಿರ, ಮಿರಜ್ ತಾಲೂಕಿನ ಊರು, ಕೃಷ್ಣಾ ನದಿಯ ಬದಿಯ ಕಪ್ಪು ಮಣ್ಣು. ಕಬ್ಬು ಮತ್ತು ಅರಿಶಿನ ಇಲ್ಲಿನ ಬೆಳೆ. ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದವರು ಅರಿಶಿನದ ಸಂಶೋಧನೆ ನಡೆಸುವುದು ಇದೇ ಊರಿನಲ್ಲಿ. ಸಾಂಗ್ಲಿ ಅರಿಶಿನಕ್ಕೆ 2018ರಲ್ಲಿ ಜಿಐ ಗುರುತು ಸಿಕ್ಕಿತು. ಇಲ್ಲಿ ಅರಿಶಿನವನ್ನು ಕಿತ್ತು, ಬೇಯಿಸಿ, ಬಿಸಿಲಿಗೆ ಹರಡಿ, ಉಜ್ಜಿ ಹೊಳಪು ಕೊಟ್ಟು ಪೇಟೆಗೆ ಕಳಿಸುತ್ತಾರೆ. ಪೌಡರ್ ಪರಿಮಳದ ಮೂಲವೂ ಇಂಥದೇ ಒಂದು ಗೆಡ್ಡೆ. ಇಟಲಿಯ ಫ್ಲಾರೆನ್ಸ್ ಸುತ್ತಮುತ್ತ ಬೆಳೆಯುವ ಐರಿಸ್ ಹೂವಿನ ಗಿಡದ ಗೆಡ್ಡೆಯನ್ನು ಕಿತ್ತು, ಸಿಪ್ಪೆ ತೆಗೆದು, ಒಣಗಿಸಿ ವರ್ಷಗಟ್ಟಲೆ ಇಡುತ್ತಾರೆ. ಹಸಿ ಗೆಡ್ಡೆಗೆ ಹೇಳಿಕೊಳ್ಳುವ ಪರಿಮಳವಿಲ್ಲ. ಮೂರು ವರ್ಷವೋ ಅದಕ್ಕಿಂತ ಹೆಚ್ಚೋ ಕಾದರೆ ಒಳಗೊಳಗೇ ಬದಲಾಗಿ ಪರಿಮಳ ಹುಟ್ಟುತ್ತದೆ. ಹಿಂದಿನ ಕಾಲದಲ್ಲಿ ಯೂರೋಪಿನ ಜನ ಮುಖಕ್ಕೆ, ತಲೆಗೂದಲಿಗೆ ಹಚ್ಚುತ್ತಿದ್ದ ಪೌಡರಿಗೆ ಈ ಗೆಡ್ಡೆಯ ಪುಡಿ ಸೇರಿಸುತ್ತಿದ್ದರು. ಹಾಗಾಗಿ ಆ ವಾಸನೆಗೂ ಪೌಡರಿಗೂ ನಂಟು ಬಿತ್ತು. ಮೂರು ವರ್ಷ ಕಾಯುವ ಸರಕು ಅಗ್ಗಕ್ಕೆ ಸಿಗುವುದು ಸಾಧ್ಯವೇ? ಅದಕ್ಕೇ ಅಸಲಿ ಐರಿಸ್ ಎಣ್ಣೆ ಇವತ್ತಿಗೂ ಬಹಳ ದುಬಾರಿ.

ಈ ಬೆಲೆಯನ್ನು ನಮ್ಮ ಕೈಗೆ ಇಳಿಸಿದ್ದು ರಸಾಯನಶಾಸ್ತ್ರ. 1893ರಲ್ಲಿ ಜರ್ಮನಿಯ ಟೀಮನ್ ಮತ್ತು ಕ್ರೂಗರ್ ಎಂಬವರು ಐರಿಸ್ ಗೆಡ್ಡೆಯ ವಾಸನೆಯ ಬೆನ್ನು ಹತ್ತಿ ಹೋಗಿ ಅಯೊನೋನ್ ಎಂಬ ವಸ್ತುವನ್ನು ತಯಾರಿಸಿದರು. ಕಸ್ತೂರಿಯ ಕಥೆ ಇನ್ನೂ ವಿಚಿತ್ರ. 1888ರಲ್ಲಿ ಆಲ್ಬರ್ಟ್ ಬೌರ್ ಎಂಬ ರಸಾಯನಶಾಸ್ತ್ರಜ್ಞ ಸ್ಫೋಟಕದ ಮೇಲೆ ಕೆಲಸ ಮಾಡುತ್ತಿದ್ದಾಗ ಸಿಕ್ಕಿದ್ದು ಕಸ್ತೂರಿಯಂತೆ ಪರಿಮಳಿಸುವ ಒಂದು ಪದಾರ್ಥ. ಅಸಲಿ ಕಸ್ತೂರಿ ಬರುವುದು ಹಿಮಾಲಯದ ಕಸ್ತೂರಿ ಮೃಗದಿಂದ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಪ್ರಾಣಿಯನ್ನು ರಕ್ಷಿಸುತ್ತದೆ. ಆದ್ದರಿಂದ ಯಾರಾದರೂ "ಇದು ಒರಿಜಿನಲ್ ಕಸ್ತೂರಿ" ಎಂದು ಸಣ್ಣ ಬಾಟಲಿ ತೋರಿಸಿದರೆ, ಒಂದೋ ಅದು ಸುಳ್ಳು, ಇಲ್ಲವೇ ಅಪರಾಧ. ಬಿಳಿ ಮಸ್ಕ್ ಎಂದು ನಾವು ಹಚ್ಚಿಕೊಳ್ಳುವುದು ಕಾರ್ಖಾನೆಯಲ್ಲಿ ತಯಾರಾದದ್ದು. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. 1960ರ ದಶಕದಲ್ಲಿ ಬಂದ ಗ್ಯಾಲಕ್ಸೊಲೈಡ್ ಎಂಬ ಮಸ್ಕನ್ನು ಬಟ್ಟೆ ಸಾಬೂನಿನ ಪುಡಿಗೆ ಹಾಕತೊಡಗಿದರು, ಯಾಕೆಂದರೆ ನೀರಿನಲ್ಲಿ ಜಾಲಾಡಿದರೂ ಅದು ಬಟ್ಟೆ ಬಿಟ್ಟು ಹೋಗುವುದಿಲ್ಲ. ಒಗೆದ ಬಟ್ಟೆಯಲ್ಲಿ ಅದೇ ವಾಸನೆ ಬಂದು ಬಂದು, ಮಸ್ಕ್ ಎಂದರೆ ಶುಭ್ರತೆ ಎಂದು ಲೋಕದ ಮೂಗು ಕಲಿತುಕೊಂಡಿತು.

ಈಗ ಇದರ ಒಳ್ಳೆಯ ಗುಣಕ್ಕೆ ಬರೋಣ. ಪರಿಮಳ ಎಂದರೆ ಗಾಳಿಗೆ ಹಾರುವ ಕಣ. ನಿಂಬೆ, ಕಿತ್ತಳೆಯ ಕಣಗಳು ಹಗುರ, ಬೇಗ ಹಾರಿ ಬೇಗ ಮುಗಿಯುತ್ತವೆ. ಮಸ್ಕಿನ ಕಣಗಳು ಭಾರ, ಮೆಲ್ಲಗೆ ಏಳುತ್ತವೆ. ಅದಕ್ಕೇ ಮಸ್ಕ್ ತಹಾರದಂಥ ಪರಿಮಳ ದೂರಕ್ಕೆ ಹೋಗುವುದಿಲ್ಲ, ಮೈಗೆ ಹತ್ತಿರವೇ ಉಳಿಯುತ್ತದೆ. ಕೈ ಕೊಟ್ಟು ಸಲಾಂ ಹೇಳಿದವರಿಗೆ ಗೊತ್ತಾಗುತ್ತದೆ, ಆಚೆ ಬಾಗಿಲಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ. ನಮ್ಮ ಗಿರಾಕಿಗಳು ಇದನ್ನೇ ಕೊರತೆ ಎನ್ನುತ್ತಾರೆ. ನನಗೆ ಇದೇ ಇದರ ದೊಡ್ಡ ಗುಣ.

ಜುಮಾ ದಿನದ ಪಳ್ಳಿಯನ್ನೇ ತೆಗೆದುಕೊಳ್ಳಿ. ಆ ದಿನ ಸ್ನಾನ ಮಾಡಿ, ಒಳ್ಳೆಯ ಬಟ್ಟೆ ಹಾಕಿ, ಸುಗಂಧ ಹಚ್ಚಿ ಬರುವುದು ಸುನ್ನತ್. ಭುಜಕ್ಕೆ ಭುಜ ತಾಗಿಸಿ ಸಫ್‌ನಲ್ಲಿ ನಿಲ್ಲುತ್ತೇವೆ. ಎಡಗಡೆ ಒಬ್ಬರ ಊದ್, ಬಲಗಡೆ ಇನ್ನೊಬ್ಬರ ಸ್ಪ್ರೇ, ಮುಂದಿನ ಸಫ್‌ನಿಂದ ಮತ್ತೊಬ್ಬರ ಜನ್ನತುಲ್ ಫಿರ್ದೌಸ್. ಸುಜೂದ್‌ಗೆ ಹೋದಾಗ ಮೂಗು ಸೀದಾ ಕಾರ್ಪೆಟ್ಟಿಗೆ, ಅಲ್ಲಿ ಕಳೆದ ವಾರದ್ದೂ ಇರುತ್ತದೆ. ದಮ್ಮು ಇರುವವರಿಗೆ, ಅರ್ಧ ತಲೆನೋವಿನವರಿಗೆ ಇದು ಸಣ್ಣ ವಿಷಯವಲ್ಲ. ಕಡು ವಾಸನೆಯಿಂದ ಉಸಿರು ಕಟ್ಟುವುದು, ತಲೆನೋವು ಕೆರಳುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಹಸಿ ಬೆಳ್ಳುಳ್ಳಿ, ನೀರುಳ್ಳಿ ತಿಂದವರು ಆ ವಾಸನೆಯೊಂದಿಗೆ ಮಸೀದಿಗೆ ಬರಬಾರದು ಎಂದು ಪ್ರವಾದಿ (ಸ) ಕಲಿಸಿದ್ದನ್ನು ನಾವು ಮದರಸದಲ್ಲೇ ಓದಿದ್ದೇವೆ. ಪಕ್ಕದವನಿಗೆ ತೊಂದರೆ ಆಗಬಾರದು ಎಂಬುದು ಅದರ ತಿರುಳು ಎಂದು ನಾನು ತಿಳಿದುಕೊಂಡಿದ್ದೇನೆ. ಆ ತಿರುಳನ್ನು ನೀರುಳ್ಳಿಗೆ ಮಾತ್ರ ಅನ್ವಯಿಸಿ, ತೊಲ ಲೆಕ್ಕದಲ್ಲಿ ದುಡ್ಡು ಕೊಟ್ಟು ತಂದ ಅತ್ತರಿಗೆ ವಿನಾಯಿತಿ ಕೊಡುವುದು ಸರಿಯೇ?

ಇನ್ನೊಂದು ವಿಷಯ ನನ್ನ ಕೆಲಸಕ್ಕೆ ಸಂಬಂಧಿಸಿದ್ದು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಮೆಷಿನ್ ಮೆಂಟೆನೆನ್ಸಿಗೆ ಬಂದವನಿಗೆ ಮೂಗು ಒಂದು ಸಲಕರಣೆ. ಮೋಟಾರಿನ ವೈಂಡಿಂಗ್ ಬಿಸಿಯಾಗಿ ವಾರ್ನಿಶ್ ಸುಡುವ ವಾಸನೆ, ಬೆಲ್ಟ್ ಜಾರಿ ರಬ್ಬರ್ ಉಜ್ಜುವ ವಾಸನೆ, ಕೂಲಂಟ್ ಹಳಸಿದ ವಾಸನೆ, ಇವು ಮೀಟರ್ ತೋರಿಸುವ ಮೊದಲೇ ಮೂಗಿಗೆ ತಿಳಿಯುತ್ತವೆ. ಅಡುಗೆ ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಎಂದೇ ಅದಕ್ಕೆ ಮರ್ಕ್ಯಾಪ್ಟಾನ್ ಎಂಬ ಕೆಟ್ಟ ವಾಸನೆಯ ಪದಾರ್ಥ ಸೇರಿಸುತ್ತಾರೆ. ಕತ್ತಿನ ಸುತ್ತ ಗಟ್ಟಿ ಊದ್ ಹಚ್ಚಿಕೊಂಡು ಪ್ಯಾನೆಲ್ ಮುಂದೆ ನಿಂತರೆ ಈ ಸೂಚನೆಗಳು ತಡವಾಗಿ ತಿಳಿಯುತ್ತವೆ. ಅಡುಗೆ ಮನೆಯಲ್ಲಿ ನಿಂತವರಿಗೂ ಇದೇ ಮಾತು. ಮೆದು ಪರಿಮಳ ನಮ್ಮ ಮೂಗಿಗೂ ಸ್ವಲ್ಪ ಜಾಗ ಬಿಡುತ್ತದೆ.

ಮೂರನೆಯದು ಆಸ್ಪತ್ರೆ. ಮಿರಜ್ ಎಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯವರಿಗೆ ದವಾಖಾನೆಯ ಊರು. 1894ರಲ್ಲಿ ಡಾಕ್ಟರ್ ವಾನ್ಲೆಸ್ ಎಂಬ ಮಿಷನರಿ ಅಲ್ಲಿ ಆಸ್ಪತ್ರೆ ಕಟ್ಟಿದ ಮೇಲೆ ಬೆಳೆದ ಹೆಸರು ಅದು. ಇವತ್ತಿಗೂ ಅಲ್ಲಿನ ವರಾಂಡಗಳಲ್ಲಿ ಮರಾಠಿಯಷ್ಟೇ ಕನ್ನಡ ಕೇಳುತ್ತದೆ. ನಮ್ಮ ಮನೆ ಮಾಲಕರ ತಾಯಿಯನ್ನು ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ಸೇರಿಸಿದ್ದರು, ಕ್ಯಾನ್ಸರಿಗೆ ಕೀಮೋ ನಡೆಯುತ್ತಿತ್ತು. ಒಂದು ಶುಕ್ರವಾರ ನಾನು ಮತ್ತು ಊರಿನ ಕಡೆಯ ಒಬ್ಬರು ಕಾಕ, ಜುಮಾ ಮುಗಿಸಿ ನೋಡಲು ಹೋದೆವು. ಕಾಕ ಹಚ್ಚಿದ್ದು ದುಬೈನಿಂದ ತಂದ ಊದ್, ಒಳ್ಳೆಯ ಸರಕು, ಸುಳ್ಳಲ್ಲ. ನಾವು ಮಂಚದ ಹತ್ತಿರ ನಿಂತ ಎರಡು ನಿಮಿಷಕ್ಕೆ ಆ ಅಜ್ಜಿ ಸೆರಗನ್ನು ಮೂಗಿಗೆ ಹಿಡಿದರು. ಆಮೇಲೆ ಮಗಳಿಗೆ ಕಿಟಕಿ ತೆರೆಯಲು ಸನ್ನೆ ಮಾಡಿದರು. ನಮ್ಮನ್ನು ನೋಡಿ ನಗಲು ಪ್ರಯತ್ನಿಸಿದರು, ಕೂರಿ ಎಂದರು, ಒಂದು ಮಾತೂ ಆಡಿಕೊಳ್ಳಲಿಲ್ಲ. ಕೀಮೋ ಪಡೆಯುವವರಿಗೆ ವಾಸನೆಯಿಂದಲೇ ಓಕರಿಕೆ ಬರುತ್ತದೆ ಎಂದು ಹೊರಗೆ ಬಂದಾಗ ಆ ಮಗಳು ಹೇಳಿದರು, ಅದೂ ಬಹಳ ಸಂಕೋಚದಿಂದ.

ರೋಗಿಯನ್ನು ನೋಡಲು ಹೋಗುವುದು ನಮ್ಮಲ್ಲಿ ಪುಣ್ಯದ ಕೆಲಸ. ಹೋದದ್ದರಿಂದಲೇ ರೋಗಿಗೆ ಹೊಟ್ಟೆ ತೊಳಸಿದರೆ?

ವಾಪಸು ಬರುವಾಗ ಕಾಕ ಹೇಳಿದ ಮಾತನ್ನು ಇಲ್ಲಿ ಬರೆಯಲೇಬೇಕು, ಯಾಕೆಂದರೆ ಅದು ಅವರೊಬ್ಬರ ಮಾತಲ್ಲ.

"ಅವರ ಮನೆಯ ಧೂಪ ದಿನಾ ನಮ್ಮ ಕಿಟಕಿಗೆ ಬರ್ತದೆ. ನಾವು ಏನಾದ್ರೂ ಹೇಳ್ತೇವಾ? ನಮ್ಮ ಅತ್ತರನ್ನು ಮಾತ್ರ ಯಾಕೆ ಕಮ್ಮಿ ಮಾಡ್ಬೇಕು? ನಾಳೆ ಟೊಪ್ಪಿಯನ್ನೂ ಕಿಸೆಗೆ ಹಾಕು ಅಂತಾರೆ."

"ಕಾಕ, ನಮಗೆ ಯಾರೂ ಏನೂ ಹೇಳಲಿಲ್ಲ," ಎಂದೆ. "ಹೇಳುವ ಶಕ್ತಿಯೂ ಆ ಅಜ್ಜಿಗೆ ಇರಲಿಲ್ಲ."

ಅವರು ಉತ್ತರ ಕೊಡಲಿಲ್ಲ. ಅವರಿಗೆ ಒಪ್ಪಿಗೆಯಾಯಿತು ಎಂದು ನಾನು ಬರೆಯುವುದಿಲ್ಲ. ಅವರ ಮಾತಿನಲ್ಲಿ ಸತ್ಯವೂ ಇದೆ. ಊರು ಬಿಟ್ಟು ಬಂದವರಿಗೆ, ಅದರಲ್ಲೂ ನಮ್ಮಂಥವರಿಗೆ ಬಾಡಿಗೆ ಮನೆ ಸಿಗುವುದೇ ಕಷ್ಟ ಎನ್ನುವ ಈ ಕಾಲದಲ್ಲಿ, ಇರುವ ಗುರುತನ್ನೂ ತಗ್ಗಿಸಿಕೊಳ್ಳಿ ಎಂದರೆ ಯಾರಿಗಾದರೂ ನೋವಾಗುತ್ತದೆ. "ನಿಮ್ಮವರ ವಾಸನೆ" ಎಂದು ಯಾರಾದರೂ ಮೂಗು ಮುರಿದು ಹೇಳಿದರೆ ನಾನೂ ಮರುದಿನ ಎರಡು ಗೆರೆ ಹೆಚ್ಚೇ ಎಳೆದುಕೊಂಡು ಹೋದೇನು. ಆದರೆ ನಾನು ಹೇಳುತ್ತಿರುವ ನಿಯಮ ಹೊರಗಿನವರು ಹೇರಿದ್ದಲ್ಲ. ನೀರುಳ್ಳಿಯ ಪಾಠ ನಮ್ಮ ಪಳ್ಳಿಯ ಒಳಗೆ, ನಮ್ಮವರಿಗೇ ಹೇಳಿದ ಪಾಠ. ನೆರೆಯವರ ಹಕ್ಕಿನ ಬಗ್ಗೆ ನಾವು ವಅಳ್‌ಗಳಲ್ಲಿ ಕೇಳುವುದು ಕಮ್ಮಿಯೇ? ಟೊಪ್ಪಿ ಕಣ್ಣಿಗೆ ಕಾಣುತ್ತದೆ, ಬೇಡವಾದವರು ಕಣ್ಣು ಆಚೆ ತಿರುಗಿಸಬಹುದು. ವಾಸನೆ ಹಾಗಲ್ಲ, ಅದು ಎದುರಿನವರ ಉಸಿರಿನೊಳಗೆ ಹೋಗುತ್ತದೆ. ಉಸಿರು ಬಿಗಿಹಿಡಿದು ಎಷ್ಟು ಹೊತ್ತು ಇರಲಾದೀತು? ಟೊಪ್ಪಿಗೂ ಅತ್ತರಿಗೂ ಇರುವ ವ್ಯತ್ಯಾಸ ಇಷ್ಟೇ, ಆದರೆ ದೊಡ್ಡ ವ್ಯತ್ಯಾಸ.

ನಮ್ಮ ಹುಡುಗರದ್ದು ಬೇರೆ ತಕರಾರು. ಮಸ್ಕ್ ತಹಾರ, ಪೌಡರ್ ವಾಸನೆ ಎಂದರೆ "ಅದು ಹೆಂಗಸರದ್ದು" ಎನ್ನುತ್ತಾರೆ. ಮಹಿಳೆಯರು ಹೊರಗೆ ಹೋಗುವಾಗ ಸುಗಂಧ ಹಚ್ಚುವ ವಿಷಯದಲ್ಲಿ ಉಲಮಾಗಳ ಮಾತು ಇದೆ, ಅದನ್ನು ತೀರ್ಮಾನಿಸುವಷ್ಟು ಓದಿದವನು ನಾನಲ್ಲ. ಆದರೆ ಒಂದು ವಿಷಯ ಕಣ್ಣಿಗೆ ಕಾಣುತ್ತದೆ. ಉಮ್ಮನಿಗೆ, ಇತ್ತಾತನಿಗೆ ಪೌಡರ್ ಎಷ್ಟು ಹಚ್ಚಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಪಾಠ ಹೇಳುವ ಮನೆಯಲ್ಲೇ ಗಂಡು ಮಕ್ಕಳು ಹನ್ನೆರಡು ಸಲ ಸ್ಪ್ರೇ ಒತ್ತಿಕೊಂಡು ಇಳಿಯುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಅಳತೆ ಗೊತ್ತಿರುವುದು ಹೆಂಗಸರ ಗುಣವಾದರೆ, ಅದನ್ನು ಗಂಡಸರೂ ಕಲಿಯಬಹುದು. ಇನ್ನು ನಮ್ಮ ಕರ್ನಾಟಕದ ಗಂಧದ ಪರಿಮಳವೂ ಇದೇ ಮೆದು ಜಾತಿಯದು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಗಂಧವನ್ನು ಹೆಂಗಸರದ್ದು, ಗಂಡಸರದ್ದು ಎಂದು ಯಾರೂ ಪಾಲು ಮಾಡಲಿಲ್ಲ.

ಇಷ್ಟು ಹೊಗಳಿದ ಮೇಲೆ ಕುಂದುಗಳನ್ನೂ ಲೆಕ್ಕ ಹಾಕೋಣ.

ಮೊದಲನೆಯದು, ಹಚ್ಚಿದವನಿಗೇ ಅದು ಬೇಗ ಮರೆತುಹೋಗುತ್ತದೆ. ಯಾವ ವಾಸನೆಯೂ ಸ್ವಲ್ಪ ಹೊತ್ತಿನಲ್ಲಿ ಮೂಗಿಗೆ ರೂಢಿಯಾಗುತ್ತದೆ. ಅಯೊನೋನ್ ಇರುವ ಪರಿಮಳದಲ್ಲಿ ಇದು ಇನ್ನೂ ಹೆಚ್ಚು, ಬಂದ ಹಾಗೆ, ಹೋದ ಹಾಗೆ ಆಗುತ್ತದೆ. ಕೆಲವರ ಮೂಗಿಗೆ ಕೆಲವು ಮಸ್ಕ್‌ಗಳು ತಿಳಿಯುವುದೇ ಇಲ್ಲ, ಅದು ಹುಟ್ಟಿನಿಂದ ಬಂದದ್ದು. ಇಂಥವರು "ಇದರಲ್ಲಿ ಏನೂ ಇಲ್ಲ" ಎಂದು ಮತ್ತೆ ಮತ್ತೆ ಹಚ್ಚುತ್ತಾರೆ. ಆಗ ಮೆದು ಪರಿಮಳವೂ ಗಟ್ಟಿಯಾಗುತ್ತದೆ, ಪಕ್ಕದವರಿಗೆ ಸಕ್ಕರೆ ಪಾಕದಲ್ಲಿ ಮುಳುಗಿಸಿದ ಹಾಗಾಗುತ್ತದೆ. ಮೆದು ಎಂಬುದು ಬಾಟಲಿಯಲ್ಲಿ ಇರುವುದು ಅರ್ಧ, ಕೈಯ ಅಳತೆಯಲ್ಲಿ ಇರುವುದು ಇನ್ನರ್ಧ.

ಎರಡನೆಯದು ಸೆಕೆ. ಸಾಂಗ್ಲಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಗಾಳಿ ಒಣ. ನಮ್ಮ ಕರಾವಳಿಯಲ್ಲಿ ಅಷ್ಟು ಬಿಸಿಲಿಲ್ಲ, ಬದಲಿಗೆ ಬೆವರು ಆರುವುದೇ ಇಲ್ಲ. ಎರಡೂ ಕಡೆ ಪೌಡರ್ ಪರಿಮಳಕ್ಕೆ ಕಷ್ಟ. ಒಣ ಸೆಕೆಯಲ್ಲಿ ಮಧ್ಯಾಹ್ನಕ್ಕೇ ತೆಳ್ಳಗಾಗುತ್ತದೆ. ಕರಾವಳಿಯಲ್ಲಿ ಬೆವರಿನ ಜೊತೆ ಸೇರಿ ಸಿಹಿಯೂ ಹುಳಿಯೂ ಆದ ವಾಸನೆಯಾಗುತ್ತದೆ, ಪಾಲಿಯೆಸ್ಟರ್ ಅಂಗಿಯಾದರೆ ಕೇಳುವುದೇ ಬೇಡ. ಬೆವರನ್ನು ಮುಚ್ಚಲು ಇದು ಬರುವುದಿಲ್ಲ. ಮಿಂದ ಮೈಗೆ ಮಾತ್ರ ಇದು ಹೊಂದುತ್ತದೆ. ಆ ಲೆಕ್ಕದಲ್ಲಿ ತಹಾರ ಎಂಬ ಹೆಸರು ಸರಿಯಾಗಿಯೇ ಇದೆ.

ಮೂರನೆಯದು, ಸುತ್ತಲಿನ ವಾಸನೆಗೆ ಇದು ಸೋಲುತ್ತದೆ. ಡಿಗ್ರಜದ ಕಡೆ ಅರಿಶಿನ ಬೇಯಿಸುವ ಕಾಲದಲ್ಲಿ ಗಾಳಿಯಲ್ಲೆಲ್ಲ ಮಣ್ಣು ಬೆರೆತ ಒಗರು ವಾಸನೆ. ಸಕ್ಕರೆ ಕಾರ್ಖಾನೆಗಳು ನಡೆಯುವ ತಿಂಗಳಲ್ಲಿ ಕಾಕಂಬಿಯ ವಾಸನೆ. ನಮ್ಮ ಕಡೆ ಮೀನು ಮಾರ್ಕೆಟ್, ಮಳೆಗಾಲದ ಒದ್ದೆ ಬಟ್ಟೆ. ಇಂಥ ಕಡೆ ಮಸ್ಕ್ ತಹಾರ ಹಚ್ಚಿದ್ದೀಯಾ ಎಂದು ಹೇಳಿದರಷ್ಟೇ ಗೊತ್ತಾಗಬೇಕು. ಖರ್ಚು ಮಾಡಿ ಹಚ್ಚಿದವನಿಗೆ ಇದು ಬೇಸರದ ವಿಷಯ, ಒಪ್ಪುತ್ತೇನೆ.

ನಾಲ್ಕನೆಯದು, ಮೆದು ಎಂದ ಮಾತ್ರಕ್ಕೆ ನಿರಪಾಯ ಅಲ್ಲ. ಹಿಂದೆ ಬಳಕೆಯಲ್ಲಿದ್ದ ಮಸ್ಕ್ ಆಂಬ್ರೆಟ್ ಎಂಬ ಪದಾರ್ಥ ಹಚ್ಚಿ ಬಿಸಿಲಿಗೆ ಹೋದವರ ಚರ್ಮ ಕೆಂಪಾಗಿ ತುರಿಸುವುದು ಕಂಡುಬಂದು ಯೂರೋಪಿನಲ್ಲಿ ಅದನ್ನು ನಿಷೇಧಿಸಿದರು. ಪೌಡರ್ ಪರಿಮಳಗಳಲ್ಲಿ ಸಾಮಾನ್ಯವಾಗಿರುವ ಕೂಮರಿನ್, ಅಲರ್ಜಿಯ ಕಾರಣಕ್ಕೆ ಅಲ್ಲಿ ಲೇಬಲಿನಲ್ಲಿ ಹೆಸರು ಹಾಕಬೇಕಾದ ಪದಾರ್ಥಗಳ ಪಟ್ಟಿಯಲ್ಲಿದೆ. ನೀರಿನಲ್ಲಿ ಸುಲಭವಾಗಿ ಕರಗದ ಗ್ಯಾಲಕ್ಸೊಲೈಡ್‌ನಂಥ ಮಸ್ಕ್‌ಗಳನ್ನು ಸಂಶೋಧಕರು ನದಿಗಳಲ್ಲೂ ತಾಯಿಯ ಹಾಲಿನಲ್ಲೂ ಕಂಡಿದ್ದಾರೆ. ನಮ್ಮಲ್ಲಿ ಚಿಲ್ಲರೆಯಾಗಿ ಸಣ್ಣ ಬಾಟಲಿಗೆ ತುಂಬಿಸಿ ಕೊಡುವ ಅತ್ತರಿನ ಮೇಲೆ ಲೇಬಲೇ ಇರುವುದಿಲ್ಲ. ಅದಕ್ಕೇ ನನ್ನ ಕೋರಿಕೆ: ಮಗುವಿನ ವಾಸನೆಯಂತಿದೆ ಎಂದು ಇದನ್ನು ಮಗುವಿಗೇ ಹಚ್ಚಬೇಡಿ. ಚರ್ಮ ತುರಿಸಿದರೆ "ರೂಢಿಯಾಗ್ತದೆ" ಎಂದು ಸಹಿಸಬೇಡಿ.

ಐದನೆಯದು ಬೆಲೆಯ ಮೋಸ. ಈ ಪರಿಮಳಕ್ಕೆ ಬೇಕಾದ ಸಿಂಥೆಟಿಕ್ ಮಸ್ಕ್, ವೆನಿಲಿನ್, ಅಯೊನೋನ್ ಯಾವುದೂ ಚಿನ್ನದ ಬೆಲೆಯದ್ದಲ್ಲ. ಹಾಗಾಗಿ ಅಗ್ಗದ ಬಾಟಲಿಯೂ ದುಬಾರಿ ಬಾಟಲಿಯೂ ಮೊದಲ ಹತ್ತು ನಿಮಿಷ ಹೆಚ್ಚುಕಮ್ಮಿ ಒಂದೇ ಥರ ಇರಬಹುದು. ಒಳ್ಳೆಯದು ಎಂದರೆ ಕಮ್ಮಿ ದುಡ್ಡಿಗೆ ಮರ್ಯಾದೆಯ ಪರಿಮಳ ಸಿಗುತ್ತದೆ. ಕೆಟ್ಟದ್ದು ಎಂದರೆ ಅದೇ ಸರಕನ್ನು ಅರಬಿ ಅಕ್ಷರದ ಚಿನ್ನದ ಬಣ್ಣದ ಪೆಟ್ಟಿಗೆಗೆ ಹಾಕಿ ನಾಲ್ಕು ಪಟ್ಟು ಬೆಲೆಗೆ ಮಾರಬಹುದು. ಊದ್ ಹಾಗಲ್ಲ. ಅಸ್ಸಾಮಿನಂಥ ಕಡೆ ಅಗರು ಮರಕ್ಕೆ ರೋಗ ತಗಲಿ, ಒಳಗೆ ಅಂಟು ಕಟ್ಟಿದ ಮೇಲೆ ಸಿಗುವ ಅಸಲಿ ಊದ್‌ಗೆ ಬೆಲೆ ಇರುವುದು ನ್ಯಾಯ. ಬಿಳಿ ಮಸ್ಕ್‌ಗೆ ಊದ್‌ನ ಬೆಲೆ ಕೇಳಿದರೆ ನಮಸ್ಕಾರ ಹೇಳಿ ಹೊರಗೆ ಬನ್ನಿ.

ಇವನ್ನೆಲ್ಲ ಕೂಡಿಸಿ ಕಳೆದು ನೋಡಿದರೂ ನನ್ನ ತಕ್ಕಡಿ ಮೆದು ಪರಿಮಳದ ಕಡೆಗೇ ವಾಲುತ್ತದೆ. ಮೇಲೆ ಹೇಳಿದ ಕುಂದುಗಳಲ್ಲಿ ಹೆಚ್ಚಿನವು ಹಚ್ಚಿದವನ ನಷ್ಟ: ಬೇಗ ಮರೆಯಾಯಿತು, ಯಾರೂ ಹೊಗಳಲಿಲ್ಲ, ಅರಿಶಿನದ ವಾಸನೆಗೆ ಸೋತಿತು. ಗಟ್ಟಿ ಅತ್ತರಿನ ಕುಂದುಗಳು ಪಕ್ಕದವರ ನಷ್ಟ. ನನ್ನ ನಷ್ಟವನ್ನು ನಾನು ತಡೆದುಕೊಳ್ಳಬಹುದು, ಬೇರೆಯವರ ನಷ್ಟವನ್ನು ನಾನು ತಡೆದುಕೊಳ್ಳಲು ಆಗುವುದಿಲ್ಲ, ಅದನ್ನು ಅವರೇ ತಡೆದುಕೊಳ್ಳಬೇಕು.

ಕೊಳ್ಳುವವರಿಗೆ, ಮಾರುವವರಿಗೆ ಕೆಲವು ಮಾತು. ಮಿರಜ್‌ನ ಮೀರಾಸಾಹೇಬ್ ದರ್ಗಾದ ಸುತ್ತಲಿನ ಬೀದಿಯಾಗಲಿ, ಮಂಗಳೂರಿನ ಬಂದರ್ ಆಗಲಿ, ಅತ್ತರ್ ಅಂಗಡಿಯಲ್ಲಿ ನಿಂತು ಒಂದೇ ಉಸಿರಿಗೆ ಎಂಟು ಬಾಟಲಿ ಮೂಸಬೇಡಿ. ಮೂರನೆಯದಕ್ಕೇ ಮೂಗು ದಣಿಯುತ್ತದೆ, ಆಮೇಲೆ ಯಾವುದು ಜೋರಾಗಿದೆಯೋ ಅದೇ ಒಳ್ಳೆಯದು ಎಂದು ಕಾಣುತ್ತದೆ. ಸಾಂಗ್ಲಿ, ವಿಜಯಪುರದ ಕಡೆ ಅತ್ತಾರ್ ಎಂಬ ಮನೆತನದ ಹೆಸರೇ ಇದೆ, ಸುಗಂಧ ಮಾರುವ ಕಸುಬಿನಿಂದ ಬಂದದ್ದು. ಅಂಥ ಕಸುಬಿನ ಹಿರಿಯರು ಒಮ್ಮೆಗೆ ಎರಡು ಬಾಟಲಿಗಿಂತ ಹೆಚ್ಚು ತೆರೆಯದಿದ್ದರೆ ಗಿರಾಕಿಗೂ ಒಳ್ಳೆಯದು, ಅವರ ಹೆಸರಿಗೂ ಒಳ್ಳೆಯದು. ಹಗಲಿಗಾದರೆ ಒಂದು ಗೆರೆ ಸಾಕು, ಕಿವಿಯ ಹಿಂದೆ ಅಥವಾ ಎದೆಯ ಮೇಲೆ, ಬನಿಯನ್ ಒಳಗೆ. ಬಿಳಿ ಬಟ್ಟೆಗೆ ಎಣ್ಣೆಯ ಕಲೆ ಆಗದಂತೆ ನೋಡಿಕೊಳ್ಳಿ. ರೋಗಿಯನ್ನು ನೋಡಲು, ಹಸಿ ಬಾಣಂತಿಯ ಮನೆಗೆ ಹೋಗುವ ದಿನ ಆ ಒಂದು ಗೆರೆಯೂ ಬೇಡ. ಸಾಬೂನಿನ ವಾಸನೆಯೇ ಸಾಕು. ಸ್ಪ್ರೇಯಲ್ಲಿನ ಆಲ್ಕೋಹಾಲ್ ಬಗ್ಗೆ ಸಂಶಯ ಇದ್ದವರು ನಿಮ್ಮ ಉಸ್ತಾದರಲ್ಲಿ ಕೇಳಿ. ಬಾಟಲಿಯ ಮೇಲಿನ ಬರಹವನ್ನು ನಂಬುವುದಕ್ಕಿಂತ ಅದು ಮೇಲು.

ಪೆರ್ನಾಲಿಗೆ ಮುಂಚೆ ಅಂಗಡಿಗೆ ಹೋದರೆ ಹೀಗೆ ಮಾಡಿ. ಒಂದೇ ಅತ್ತರನ್ನು ಒಂದೇ ಕೈಗೆ ಹಚ್ಚಿಸಿಕೊಳ್ಳಿ. ದುಡ್ಡು ಕೊಡಬೇಡಿ. ಪೇಟೆಯ ಬೇರೆ ಕೆಲಸ ಮುಗಿಸಿ, ಒಂದು ಚಾ ಕುಡಿದು, ಒಂದು ಗಂಟೆ ಬಿಟ್ಟು ಜೊತೆಗೆ ಬಂದವರನ್ನು ಕೇಳಿ: "ನನ್ನ ಪಕ್ಕ ಕೂತದ್ದಕ್ಕೆ ನಿಮಗೆ ಏನಾದ್ರೂ ತೊಂದರೆ ಆಯ್ತಾ?" ಅವರು ಇಲ್ಲ ಎಂದರೆ ವಾಪಸು ಹೋಗಿ ಕೊಂಡುಕೊಳ್ಳಿ. ಅಷ್ಟು ಹೊತ್ತು ಕಾಯಲು ಒಪ್ಪದ ಅಂಗಡಿಯವನಿಂದ ಏನನ್ನೂ ಕೊಳ್ಳಬೇಡಿ, ಅದು ನಮ್ಮ ಉಪ್ಪನ ಅಂಗಡಿಯಾದರೂ ಸರಿ.